ರೆಪ್ಪೆಯ ಶಸ್ತ್ರಚಿಕಿತ್ಸೆಗೆ ಹೊರದೇಶಕ್ಕೆ ಹೋಗಬಹುದೇ?

ಓದುಗರ ಪ್ರಶ್ನೆ, ಕಣ್ಣಿನ ವೈದ್ಯರ ಉತ್ತರ

ವಯಸ್ಸಿನಿಂದ ಜೋತುಬಿದ್ದ ಕಣ್ಣುರೆಪ್ಪೆಯನ್ನು ಹೊರದೇಶದಲ್ಲಿ ಸರಿಪಡಿಸಿಕೊಳ್ಳುವ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನನಗೆ 58 ವರ್ಷ. ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದು ಸ್ವಯಂನಿವೃತ್ತಿ ಪಡೆದಿದ್ದೇನೆ. ಕೆಲವು ವರ್ಷಗಳಿಂದ ಮೇಲ್ರೆಪ್ಪೆಗಳ ಚರ್ಮ ಸಡಿಲವಾಗಿ ರೆಪ್ಪೆಗೂದಲಿನ ಮೇಲೆ ಕುಳಿತಂತಾಗಿದೆ. ಎಡಗಣ್ಣಿನದು ಇನ್ನಷ್ಟು ಕೆಳಗಿದೆ. ಸಂಜೆಯಾದರೆ ಹಣೆ ನೋಯುತ್ತದೆ. ಭೇಟಿಯಾದವರೆಲ್ಲ ‘ಯಾಕೆ ಮೇಡಂ, ನಿದ್ದೆ ಆಗಿಲ್ಲವೇ?’ ಎಂದು ಕೇಳುತ್ತಾರೆ. ಮಗಳು, ಅಳಿಯ ದಕ್ಷಿಣ ಕೊರಿಯಾದ ಸುವಾನ್ ನಗರದಲ್ಲಿದ್ದಾರೆ. ‘ಇಲ್ಲಿಗೆ ಬಂದಾಗ ಸೋಲ್‌ನಲ್ಲಿ ಮಾಡಿಸಿಬಿಡೋಣ ಅಮ್ಮ, ಇದರಲ್ಲಿ ಇವರನ್ನು ಮೀರಿಸಿದವರಿಲ್ಲ’ ಎಂದು ಮಗಳು ಹೇಳುತ್ತಾಳೆ. ನಮ್ಮ ಯಜಮಾನರು ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕು?’ ಎನ್ನುತ್ತಾರೆ. ಬಿಪಿಗೆ ಮಾತ್ರೆ ಇದೆ, ಹೃದಯದ ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ ಕೂಡ ದಿನವೂ ತೆಗೆದುಕೊಳ್ಳುತ್ತೇನೆ. ನಿಮ್ಮ ಸಲಹೆ ಬೇಕು. — ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಯಜಮಾನರ ಮಾತಿಗೆ ಉತ್ತರ ಹೇಳುತ್ತೇನೆ. ಸಂಜೆಯ ಹಣೆನೋವಿಗೂ ರೆಪ್ಪೆಗೂ ನೇರ ಸಂಬಂಧವಿರುವ ಸಾಧ್ಯತೆ ಹೆಚ್ಚು. ರೆಪ್ಪೆಯ ಚರ್ಮ ನೋಟಕ್ಕೆ ಅಡ್ಡ ಬಂದಾಗ ನಮಗೆ ಗೊತ್ತಿಲ್ಲದಂತೆಯೇ ಹಣೆಯ ಸ್ನಾಯುವನ್ನು ಬಿಗಿದು ಹುಬ್ಬನ್ನು ಮೇಲಕ್ಕೆತ್ತಿಕೊಂಡಿರುತ್ತೇವೆ. ಬೆಳಗಿನಿಂದ ಹಾಗೆ ದುಡಿದ ಸ್ನಾಯು ಸಂಜೆಗೆ ಸೋತು ನೋಯುತ್ತದೆ. ಆದ್ದರಿಂದ ಇದನ್ನು ಬರಿಯ ಅಲಂಕಾರದ ಆಸೆ ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಅಲಂಕಾರದ ಆಸೆಯೇ ಆಗಿದ್ದರೂ, 58ರ ಹೆಣ್ಣುಮಗಳೊಬ್ಬಳು ತನ್ನ ಮುಖ ಸದಾ ದಣಿದಂತೆ ಕಾಣಬಾರದು ಎಂದು ಬಯಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ಮಾತನ್ನು ಅವರಿಗೆ ಓದಿ ಹೇಳಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸೋಲ್ ಒಳ್ಳೆಯದೋ ಬೆಂಗಳೂರು ಒಳ್ಳೆಯದೋ ಎಂದು ಯೋಚಿಸುವ ಮುನ್ನ, ನಿಮ್ಮ ರೆಪ್ಪೆ ಏಕೆ ಕೆಳಗಿದೆ ಎಂಬುದು ಇತ್ಯರ್ಥವಾಗಬೇಕು. ಹೊರಗಿನಿಂದ ಒಂದೇ ರೀತಿ ಕಾಣುವ ಮೂರು ಬೇರೆ ಬೇರೆ ತೊಂದರೆಗಳಿವೆ. ಒಂದನೆಯದರಲ್ಲಿ ರೆಪ್ಪೆಯ ಚರ್ಮ ಮಾತ್ರ ಹೆಚ್ಚಾಗಿ ಮಡಿಕೆಯಾಗಿ ಇಳಿದಿರುತ್ತದೆ. ಎರಡನೆಯದರಲ್ಲಿ ಹುಬ್ಬೇ ಕೆಳಗೆ ಜಾರಿ ಚರ್ಮವನ್ನು ರೆಪ್ಪೆಯ ಮೇಲೆ ತಳ್ಳಿರುತ್ತದೆ. ಮೂರನೆಯದು ಟೋಸಿಸ್. ಅದರಲ್ಲಿ ರೆಪ್ಪೆಯನ್ನು ಎತ್ತುವ ಸ್ನಾಯುವಿನ ತುದಿಯ ತೆಳುವಾದ ಪೊರೆ ವಯಸ್ಸಿನಿಂದ ಹಿಗ್ಗಿ ಅಥವಾ ಕಳಚಿಕೊಂಡು, ರೆಪ್ಪೆಯ ಅಂಚೇ ಕೆಳಗಿಳಿದಿರುತ್ತದೆ. ಮೊದಲನೆಯದಕ್ಕೆ ಹೆಚ್ಚುವರಿ ಚರ್ಮವನ್ನು ತೆಗೆಯುವ ಬ್ಲೆಫರೋಪ್ಲಾಸ್ಟಿ ಸಾಕು. ಎರಡನೆಯದರಲ್ಲಿ ರೆಪ್ಪೆಯ ಚರ್ಮವನ್ನಷ್ಟೇ ಕತ್ತರಿಸಿದರೆ ಹುಬ್ಬು ಇನ್ನಷ್ಟು ಕೆಳಗೆ ಬಂದು ಮುಖ ಸಿಡುಕಿನಂತೆ ಕಾಣಬಹುದು. ಮೂರನೆಯದರಲ್ಲಿ ಎಷ್ಟು ಚರ್ಮ ತೆಗೆದರೂ ಕಣ್ಣು ತೆರೆಯುವುದಿಲ್ಲ, ಏಕೆಂದರೆ ಅಲ್ಲಿ ಸ್ನಾಯುವನ್ನೇ ಬಿಗಿಗೊಳಿಸಬೇಕು. ಬಹಳ ಜನರಲ್ಲಿ ಇವು ಕೂಡಿಕೊಂಡೇ ಇರುತ್ತವೆ.

ಮನೆಯಲ್ಲೇ ಒಂದು ಮಟ್ಟಿಗೆ ನೋಡಿಕೊಳ್ಳಬಹುದು. ಕಿಟಕಿಯ ಬೆಳಕಿನಲ್ಲಿ ಕನ್ನಡಿಯ ಮುಂದೆ ಕುಳಿತು, ಹಣೆಯನ್ನು ಸಡಿಲಬಿಟ್ಟು, ನೇರವಾಗಿ ನೋಡಿ. ಒಂದು ಬೆರಳಿನಿಂದ ಎಡರೆಪ್ಪೆಯ ಸಡಿಲ ಚರ್ಮವನ್ನಷ್ಟೇ ಮೆಲ್ಲಗೆ ಮೇಲಕ್ಕೆ ಸರಿಸಿದಾಗ ಕೂದಲಿರುವ ಅಂಚು ಎಲ್ಲಿ ನಿಂತಿದೆ ಎಂಬುದನ್ನು ಗಮನಿಸಿ. ಪಾಪೆಯ ನಡುಬಿಂದುವಿನಿಂದ ಆ ಅಂಚು ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಮೇಲಿರುತ್ತದೆ. ಅದು ಪಾಪೆಯನ್ನೇ ಮುಟ್ಟುವಂತಿದ್ದರೆ ನಿಮ್ಮ ಎಡಗಣ್ಣಿನಲ್ಲಿ ಟೋಸಿಸ್ ಸೇರಿಕೊಂಡಿದೆ ಎಂದೇ ಭಾವಿಸಬೇಕು. ಎಡಗಣ್ಣಿನದು ಹೆಚ್ಚು ಕೆಳಗಿದೆ ಎಂದು ನೀವು ಬರೆದಿರುವುದರಿಂದಲೇ ಇದನ್ನು ಇಷ್ಟು ವಿವರವಾಗಿ ಹೇಳುತ್ತಿದ್ದೇನೆ. ಎಡರೆಪ್ಪೆಯನ್ನು ಎತ್ತಿ ಹಿಡಿದಾಗ ಬಲರೆಪ್ಪೆ ಮೆಲ್ಲನೆ ಇಳಿಯುತ್ತದೆಯೇ ಎಂಬುದನ್ನೂ ನೋಡಿ. ಮೆದುಳು ಎರಡೂ ರೆಪ್ಪೆಗಳಿಗೆ ಒಂದೇ ಪ್ರಮಾಣದಲ್ಲಿ ಆಜ್ಞೆ ಕಳುಹಿಸುವುದರಿಂದ, ಒಂದನ್ನು ಸರಿಪಡಿಸಿದ ಮೇಲೆ ಇನ್ನೊಂದು ಇಳಿದು ಕಾಣುವುದುಂಟು. ಇದನ್ನು ಮೊದಲೇ ಪರೀಕ್ಷಿಸದ ವೈದ್ಯರು ನಿಮ್ಮನ್ನು ಎರಡನೇ ಶಸ್ತ್ರಚಿಕಿತ್ಸೆಗೆ ಕರೆಯಬೇಕಾಗುತ್ತದೆ, ಆ ಹೊತ್ತಿಗೆ ನೀವು ಶಿವಮೊಗ್ಗಕ್ಕೆ ಮರಳಿರುತ್ತೀರಿ.

ಮತ್ತೊಂದು ಎಚ್ಚರಿಕೆ ಎಲ್ಲ ಓದುಗರಿಗೂ. ರೆಪ್ಪೆ ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಮಾತ್ರ ಬೀಳುತ್ತಿದ್ದರೆ, ಜೊತೆಗೆ ಒಂದು ವಸ್ತು ಎರಡಾಗಿ ಕಾಣುತ್ತಿದ್ದರೆ, ಅದು ಮಯಸ್ತೀನಿಯಾ ಗ್ರ್ಯಾವಿಸ್ ಎಂಬ ನರ-ಸ್ನಾಯುಗಳ ಕಾಯಿಲೆಯಾಗಿರಬಹುದು. ಅದಕ್ಕೆ ಔಷಧಿಯ ಚಿಕಿತ್ಸೆಯಿದೆ, ಅಲ್ಲಿ ಚಾಕು ಹಿಡಿಯಲು ಆತುರಪಡಬಾರದು. ಒಂದು ರೆಪ್ಪೆ ಇದ್ದಕ್ಕಿದ್ದಂತೆ ಬಿದ್ದು, ಆ ಕಣ್ಣಿನ ಪಾಪೆ ದೊಡ್ಡದಾಗಿ, ತಲೆನೋವೂ ಬಂದರೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಮೆದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರುವ ಸೂಚನೆ ಅದಾಗಿರಬಹುದು.

ಕೊರಿಯಾದ ಬಗ್ಗೆ ನಿಮ್ಮ ಮಗಳು ಹೇಳಿದ್ದರಲ್ಲಿ ಸತ್ಯವಿದೆ. ಸೋಲ್‌ನ ಗಂಗ್ನಮ್ ಭಾಗದ ಅಪ್ಕುಜಂಗ್ ಸುತ್ತಮುತ್ತ ಒಂದೇ ಕಟ್ಟಡದಲ್ಲಿ ಹಲವು ಪ್ಲಾಸ್ಟಿಕ್ ಸರ್ಜರಿ ಕ್ಲಿನಿಕ್‌ಗಳಿರುವಷ್ಟು ದಟ್ಟಣೆಯಿದೆ, ರೆಪ್ಪೆಯ ಮೇಲೆ ಅಲ್ಲಿನ ವೈದ್ಯರಿಗಿರುವ ಕೈಪಳಗಿಕೆ ದೊಡ್ಡದು. ಆದರೆ ಅಲ್ಲಿ ಅತಿ ಹೆಚ್ಚಾಗಿ ನಡೆಯುವ ರೆಪ್ಪೆಯ ಶಸ್ತ್ರಚಿಕಿತ್ಸೆ, ಹುಟ್ಟಿನಿಂದ ಮಡಿಕೆಯಿಲ್ಲದ ರೆಪ್ಪೆಯಲ್ಲಿ ಹೊಸ ಮಡಿಕೆ ಮೂಡಿಸುವುದು. ಪೂರ್ವ ಏಷ್ಯಾದ ಯುವಜನರು ಬಯಸುವ ಈ ವಿಧಾನವನ್ನು ಜಪಾನಿನ ಮಿಕಾಮೋ ಎಂಬ ವೈದ್ಯರು 1896ರಲ್ಲೇ ಬರೆದಿಟ್ಟಿದ್ದರು. ನಿಮ್ಮ ರೆಪ್ಪೆಯಲ್ಲಿ ಮಡಿಕೆ ಮೊದಲಿನಿಂದ ಇದೆ, ಅದರ ಮೇಲಿನ ಚರ್ಮ ಇಳಿದು ಅದನ್ನು ಮುಚ್ಚಿದೆ ಅಷ್ಟೇ. ಹಾಗಾಗಿ ‘ಭಾರತೀಯರ, ಅದರಲ್ಲೂ 50 ದಾಟಿದವರ ರೆಪ್ಪೆಗಳನ್ನು ಎಷ್ಟು ಮಾಡಿದ್ದೀರಿ, ಅವುಗಳ ಮೊದಲಿನ ಮತ್ತು ನಂತರದ ಚಿತ್ರಗಳನ್ನು ತೋರಿಸುತ್ತೀರಾ’ ಎಂದು ಕೇಳುವುದು ನಿಮ್ಮ ಹಕ್ಕು. ನಿಮ್ಮ ಹಳೆಯ ಫೋಟೊಗಳನ್ನು, ಸಾಧ್ಯವಾದರೆ 35–40ರ ವಯಸ್ಸಿನವನ್ನು, ಜೊತೆಗೆ ಒಯ್ಯಿರಿ. ನಿಮ್ಮ ಕಣ್ಣು ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ ಎನ್ನಲು ಅದಕ್ಕಿಂತ ಸ್ಪಷ್ಟವಾದ ಭಾಷೆ ಇಲ್ಲ.

ಅಲ್ಲಿ ಇನ್ನೊಂದು ವಿಷಯವನ್ನು ತಿಳಿದಿರಬೇಕು. ಹೆಸರಾಂತ ವೈದ್ಯರು ಸಲಹೆ ನೀಡಿ, ರೋಗಿಗೆ ಎಚ್ಚರ ತಪ್ಪಿದ ಮೇಲೆ ಬೇರೊಬ್ಬರು ಶಸ್ತ್ರಚಿಕಿತ್ಸೆ ಮಾಡುವ ವಂಚನೆ ಆ ದೇಶದಲ್ಲಿ ದೊಡ್ಡ ಸಾರ್ವಜನಿಕ ಆಕ್ರೋಶಕ್ಕೆ ಕಾರಣವಾಗಿತ್ತು. ಅದರ ಫಲವಾಗಿ 2021ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. 2023ರ ಸೆಪ್ಟೆಂಬರ್ 25ರಿಂದ, ರೋಗಿಗೆ ಎಚ್ಚರವಿಲ್ಲದ ಶಸ್ತ್ರಚಿಕಿತ್ಸೆ ನಡೆಸುವ ಕೊಠಡಿಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇರಲೇಬೇಕು, ರೋಗಿ ಅಥವಾ ಮನೆಯವರು ಕೋರಿದರೆ ಚಿತ್ರೀಕರಿಸಬೇಕು. ಕೋರಿಕೆ ಸಲ್ಲಿಸದಿದ್ದರೆ ಚಿತ್ರೀಕರಣ ತಾನಾಗಿ ನಡೆಯುತ್ತದೆ ಎಂದುಕೊಳ್ಳಬೇಡಿ. ಆದ್ದರಿಂದ ನಿಮಗೆ ಮಂಪರು ಬರಿಸುವುದಾದರೆ ಮಗಳು ಮುಂಚಿತವಾಗಿ ಲಿಖಿತ ಕೋರಿಕೆ ಕೊಡಲಿ. ವಿದೇಶಿ ರೋಗಿಗಳನ್ನು ಬರಮಾಡಿಕೊಳ್ಳುವ ಕ್ಲಿನಿಕ್‌ಗಳೂ ಮಧ್ಯವರ್ತಿಗಳೂ ಅಲ್ಲಿನ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂಬ ನಿಯಮವೂ ಇದೆ. ಆ ನೋಂದಣಿಯ ಪ್ರಮಾಣಪತ್ರ ಕೇಳಿ ಪಡೆಯಿರಿ. ಒಪ್ಪಿಗೆ ಪತ್ರ ಕೊರಿಯನ್ ಭಾಷೆಯಲ್ಲಿ ಮಾತ್ರ ಇದ್ದರೆ ಅದಕ್ಕೆ ಸಹಿ ಹಾಕಬೇಡಿ.

ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ ಎಂಬುದನ್ನೂ ಸ್ವಲ್ಪ ಹೇಳಬೇಕು. ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತಿ ತೆಳುವಾದದ್ದು, ಒಂದು ಮಿಲಿಮೀಟರಿಗಿಂತಲೂ ಕಡಿಮೆ. ನಿಮ್ಮನ್ನು ಕೂರಿಸಿಕೊಂಡೇ ಪೆನ್ನಿನಿಂದ ಗುರುತು ಹಾಕಬೇಕು, ಮಲಗಿದಾಗ ಹುಬ್ಬೂ ಚರ್ಮವೂ ಹಿಂದಕ್ಕೆ ಸರಿದು ಅಳತೆ ತಪ್ಪುತ್ತದೆ. ಗುರುತು ಹಾಕಿದ ಮೇಲೆ ವೈದ್ಯರು ಸಣ್ಣ ಚಿಮಟದಲ್ಲಿ ಚರ್ಮವನ್ನು ಹಿಡಿದು, ರೆಪ್ಪೆಗೂದಲು ಮೇಲಕ್ಕೆ ತಿರುಗಲು ಆರಂಭಿಸುವವರೆಗೆ ಮಾತ್ರ ಮಡಚಿ ನೋಡುತ್ತಾರೆ. ಹುಬ್ಬಿನ ಕೆಳಗಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಬೇಕು ಎಂಬುದು ಈ ವೃತ್ತಿಯವರು ಪಾಲಿಸುವ ಲೆಕ್ಕ. ಅದಕ್ಕಿಂತ ಕಡಿಮೆ ಉಳಿದರೆ ಕಣ್ಣು ಪೂರ್ತಿ ಮುಚ್ಚದೆ ಹೋಗುವ ಅಪಾಯವಿದೆ. ಸ್ವಲ್ಪ ಚರ್ಮ ಹೆಚ್ಚು ಉಳಿದರೆ ಮುಂದೆ ತೆಗೆಯಬಹುದು, ಹೆಚ್ಚು ತೆಗೆದದ್ದನ್ನು ಮತ್ತೆ ತಂದು ಕೂಡಿಸುವುದು ಬಹಳ ಕಷ್ಟ.

ಆಸ್ಪಿರಿನ್ ವಿಷಯ. ಅದರ ಪರಿಣಾಮ ರಕ್ತದಲ್ಲಿ ಏಳರಿಂದ ಹತ್ತು ದಿನ ಇರುತ್ತದೆ, ಅದರಿಂದ ರಕ್ತಸ್ರಾವ ಹೆಚ್ಚುತ್ತದೆ. ಹಾಗೆಂದು ನೀವಾಗಿಯೇ ಅದನ್ನು ನಿಲ್ಲಿಸಿಬಿಡಬೇಡಿ. ಹೃದಯದ ವೈದ್ಯರು ಬರೆದುಕೊಟ್ಟ ಕಾರಣವೇನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಿಲ್ಲಿಸುವಂತಿಲ್ಲ ಎಂದು ಅವರು ಹೇಳಿದರೆ, ಆ ಮಾತೇ ಕೊನೆಯದಾಗಲಿ, ರೆಪ್ಪೆ ಕಾಯಬಲ್ಲದು. ಬಿಪಿಯಂತೂ ಹಿಡಿತದಲ್ಲಿರಲೇಬೇಕು. ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ನಾವು ಅತಿಯಾಗಿ ಹೆದರುವುದು ಕಣ್ಣಿನ ಹಿಂಭಾಗದ ರಕ್ತಸ್ರಾವಕ್ಕೆ. ಅಮೆರಿಕದ ಶಸ್ತ್ರಚಿಕಿತ್ಸಕರಿಂದ ಕಲೆಹಾಕಿದ ಲೆಕ್ಕದ ಪ್ರಕಾರ ಸುಮಾರು 2,000 ಮಂದಿಯಲ್ಲಿ ಒಬ್ಬರಿಗೆ ಹೀಗಾಗಬಹುದು, ಶಾಶ್ವತವಾಗಿ ದೃಷ್ಟಿ ಹೋಗುವುದು ಅದಕ್ಕಿಂತ ಬಹಳ ಅಪರೂಪ. ಈ ರಕ್ತಸ್ರಾವ ಸಾಮಾನ್ಯವಾಗಿ ಮೊದಲ 24 ಗಂಟೆಗಳಲ್ಲೇ ಕಾಣಿಸಿಕೊಳ್ಳುತ್ತದೆ. ಹೆಚ್ಚುತ್ತಲೇ ಹೋಗುವ ನೋವು, ಕಣ್ಣು ಮುಂದಕ್ಕೆ ತಳ್ಳಿದಂತಾಗುವುದು, ನೋಟ ಮಂಜಾಗುವುದು ಅದರ ಲಕ್ಷಣಗಳು. ಆಗ ಒಂದೆರಡು ಗಂಟೆಯೊಳಗೆ ಒತ್ತಡವನ್ನು ಇಳಿಸಲೇಬೇಕು. ಆ ರಾತ್ರಿ ಕರೆ ಮಾಡಿದರೆ ಯಾರು ಎತ್ತುತ್ತಾರೆ, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಕೇಳಿ ಬರೆದಿಟ್ಟುಕೊಂಡ ನಂತರವೇ ಒಪ್ಪಿಗೆ ಕೊಡಿ.

ನನ್ನ ಅಭಿಪ್ರಾಯ ಇದು. ಶಿವಮೊಗ್ಗದಲ್ಲಿ ಕಣ್ಣಿನ ವೈದ್ಯರ ಬಳಿ ಪೂರ್ತಿ ತಪಾಸಣೆ ಮಾಡಿಸಿ: ಕಣ್ಣೀರಿನ ಪ್ರಮಾಣ, ಗ್ಲಾಕೋಮಾ, ದೃಷ್ಟಿಕ್ಷೇತ್ರ (ನೇರ ನೋಡುವಾಗ ಸುತ್ತಲೂ ಎಷ್ಟು ಕಾಣುತ್ತದೆ ಎಂಬುದು), ರೆಪ್ಪೆಯ ಅಳತೆ ಎಲ್ಲವೂ ಕಾಗದದ ಮೇಲೆ ಬರಲಿ. ಥೈರಾಯ್ಡ್ ರಕ್ತಪರೀಕ್ಷೆಯೂ ಆಗಲಿ. ಬೆಂಗಳೂರಿನಲ್ಲಿ ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದ, ಆಕ್ಯುಲೋಪ್ಲಾಸ್ಟಿ ಎಂಬ ವಿಭಾಗದ ನೇತ್ರವೈದ್ಯರೊಬ್ಬರ ಅಭಿಪ್ರಾಯವನ್ನೂ ಪಡೆಯಿರಿ. ಟೋಸಿಸ್ ಇದೆಯೆಂದು ತಿಳಿದುಬಂದರೆ ಇಲ್ಲೇ ಮಾಡಿಸಿಕೊಳ್ಳಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಎತ್ತರವನ್ನು ಮತ್ತೆ ಹೊಂದಿಸಬೇಕಾಗುವ ಸಂದರ್ಭ ಚರ್ಮದ ಶಸ್ತ್ರಚಿಕಿತ್ಸೆಗಿಂತ ಹೆಚ್ಚು. ಚರ್ಮ ಮಾತ್ರ ಎಂದಾದರೆ, ಮಗಳ ಮನೆಯಲ್ಲಿ ಮೂರು ವಾರವಾದರೂ ಇರುವಂತಿದ್ದು, ಶಸ್ತ್ರಚಿಕಿತ್ಸೆ ಆ ಅವಧಿಯ ಆರಂಭದಲ್ಲೇ ಆಗುವಂತಿದ್ದರೆ, ಹೋಗಿ ಬನ್ನಿ. ತಣ್ಣನೆಯ ಪಟ್ಟಿ ಇಡಲು, ಡ್ರಾಪ್ಸ್ ಹಾಕಲು, ಅಲ್ಲಿನ ಭಾಷೆಯಲ್ಲಿ ಮಾತಾಡಲು ಮಗಳು ಪಕ್ಕದಲ್ಲಿರುವುದು ದೊಡ್ಡ ಬಲ, ಪ್ಯಾಕೇಜಿನಲ್ಲಿ ಹೋಗುವವರಿಗೆ ಅದು ಸಿಗುವುದಿಲ್ಲ.

ಪ್ರಶ್ನೆ: ನಾನು ಮೂವತ್ತು ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ, ವಯಸ್ಸು 66. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದೆ. ಡಿಸೆಂಬರ್‌ನಲ್ಲಿ ಅಣ್ಣನ ಮಗಳ ಮದುವೆಗೆ ಬೆಂಗಳೂರಿಗೆ ಬರುತ್ತಿದ್ದೇನೆ. ರೆಪ್ಪೆ ಇಳಿದು ಕಾರು ಓಡಿಸುವಾಗ ಮೇಲಿನ ಸಿಗ್ನಲ್ ಕಾಣಲು ತಲೆ ಎತ್ತಬೇಕಾಗುತ್ತದೆ. ಮದುವೆಯ ಹೊತ್ತಿಗೆ ಚೆನ್ನಾಗಿ ಕಾಣುವಂತೆ, ಬಂದ ಕೂಡಲೇ ಮಾಡಿಸಿಕೊಳ್ಳಬಹುದೇ? — ಎಡಿಸನ್, ನ್ಯೂಜೆರ್ಸಿ

ಉತ್ತರ: ಸಿಗ್ನಲ್ ನೋಡಲು ತಲೆ ಎತ್ತಬೇಕಾಗಿದೆ ಎಂದರೆ ಮೇಲ್ಭಾಗದ ದೃಷ್ಟಿಕ್ಷೇತ್ರ ಕಡಿಮೆಯಾಗಿರಬಹುದು. ಹಾಗಿದ್ದಲ್ಲಿ ನಿಮ್ಮಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇದನ್ನು ಸೌಂದರ್ಯದ ಚಿಕಿತ್ಸೆಯೆಂದು ಕೈಬಿಡಬೇಕಾಗಿಲ್ಲ. ದೃಷ್ಟಿಕ್ಷೇತ್ರದ ಪರೀಕ್ಷೆ, ಫೋಟೊಗಳು, ವೈದ್ಯರ ಟಿಪ್ಪಣಿ ಇವು ಅಗತ್ಯವನ್ನು ತೋರಿಸಿಕೊಟ್ಟರೆ ಅದು ವೆಚ್ಚ ಭರಿಸುತ್ತದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮಾಡಿಸುವುದಾದರೆ 2020ರಿಂದ ಪೂರ್ವಾನುಮತಿ ಬೇಕಾಗಿದೆ. ಖರ್ಚಿನ ಕಾರಣಕ್ಕೇ ಇಲ್ಲಿಗೆ ಬರುವ ಯೋಚನೆಯಾದರೆ ಮೊದಲು ಅದನ್ನು ವಿಚಾರಿಸಿ.

ಬೆಂಗಳೂರಿನಲ್ಲೇ ಎಂದು ನಿರ್ಧರಿಸಿದರೆ, ಓಸಿಐ ಇರುವುದರಿಂದ ಬೇರೆ ವೈದ್ಯಕೀಯ ವೀಸಾ ಬೇಕಾಗುವುದಿಲ್ಲ. ಆದರೆ ಮದುವೆಗೆ ಮುನ್ನ ಮಾಡಿಸಿಕೊಳ್ಳುವ ಯೋಚನೆಯನ್ನು ದಯವಿಟ್ಟು ಬಿಡಿ. ಹೊಲಿಗೆ ಐದರಿಂದ ಏಳು ದಿನಗಳಲ್ಲಿ ತೆಗೆದರೂ ಊತ ಮತ್ತು ಕಪ್ಪು-ನೀಲಿ ಕಲೆ ಎರಡು ವಾರದವರೆಗೂ ಇರುತ್ತವೆ, ಗೆರೆಯ ಕೆಂಪು ಮಾಸಲು ತಿಂಗಳುಗಳೇ ಬೇಕು. ಮೇಲಾಗಿ ಮದುವೆಮನೆಯಲ್ಲಿ ಓಡಾಟ, ಹೋಮದ ಹೊಗೆ, ನಿದ್ದೆಗೆಟ್ಟ ರಾತ್ರಿಗಳು. ಇವುಗಳಲ್ಲಿ ಒಂದೂ ಹಸಿಗಾಯದ ರೆಪ್ಪೆಗೆ ಆಗದು. ಮದುವೆ ಮುಗಿಸಿ, ಒಂದೆರಡು ದಿನ ವಿಶ್ರಾಂತಿ ಪಡೆದು, ನಂತರ ಮಾಡಿಸಿಕೊಂಡು, ಕಡೇಪಕ್ಷ ಎರಡು ವಾರ ಇಲ್ಲಿದ್ದು ಹೊರಡಿ. ಮುಖದ, ರೆಪ್ಪೆಯ ಶಸ್ತ್ರಚಿಕಿತ್ಸೆಯಾದ 7ರಿಂದ 10 ದಿನ ವಿಮಾನ ಹತ್ತಬಾರದು ಎಂಬುದು ಸಾಮಾನ್ಯ ಸೂಚನೆ. ನಿಮ್ಮದು ಅಷ್ಟು ದೂರದ ಪ್ರಯಾಣ, ವಿಮಾನದೊಳಗಿನ ಒಣಗಾಳಿ ಕಣ್ಣನ್ನು ಉರಿಸುತ್ತದೆ, ಸೂಟ್‌ಕೇಸ್ ಎತ್ತುವಾಗ ರೆಪ್ಪೆಯ ಸಣ್ಣ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಅಷ್ಟು ದಿನ ರಜೆ ಇಲ್ಲವಾದರೆ ಮುಂದಿನ ಸಲಕ್ಕೆ ಇಡಿ.

ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಹೊಸ ಕನ್ನಡಕವನ್ನು ಮೂರು ತಿಂಗಳು ಮಾಡಿಸಬೇಡಿ, ರೆಪ್ಪೆಯ ಭಾರ ಇಳಿದಾಗ ಪವರ್ ಸ್ವಲ್ಪ ಬದಲಾಗುವುದುಂಟು. ಇಲ್ಲಿರುವ ಓದುಗರಿಗೆ ಒಂದು ಮಾತು: ನಮ್ಮ ಆರೋಗ್ಯ ವಿಮೆಗಳು ಸೌಂದರ್ಯದ ಶಸ್ತ್ರಚಿಕಿತ್ಸೆಯನ್ನು ಹೊರಗಿಟ್ಟಿದ್ದರೂ, ವೈದ್ಯಕೀಯವಾಗಿ ಅಗತ್ಯವೆಂದು ಚಿಕಿತ್ಸೆ ನೀಡುವ ವೈದ್ಯರು ದೃಢೀಕರಿಸಿದ ಪ್ರಕರಣಗಳಿಗೆ ವಿನಾಯಿತಿ ಇದೆ. ದೃಷ್ಟಿಕ್ಷೇತ್ರದ ವರದಿಯನ್ನು ಜೋಪಾನವಾಗಿಡಿ.

ಪ್ರಶ್ನೆ: ನನಗೆ 46. ಕಣ್ಣಿನ ಕೆಳಗೆ ಚೀಲದಂತೆ ಊದಿದೆ, ಸುತ್ತ ಕಪ್ಪಾಗಿದೆ. ಬ್ಯಾಂಕಾಕ್‌ನಲ್ಲಿ ಐದು ದಿನಗಳ ಪ್ಯಾಕೇಜ್ ಇದೆ: ಹೋಟೆಲ್, ಶಸ್ತ್ರಚಿಕಿತ್ಸೆ, ಎರಡು ದಿನ ಊರು ಸುತ್ತಾಟ. ಹೋಗಬಹುದೇ? — ಹುಬ್ಬಳ್ಳಿ

ಉತ್ತರ: ಐದು ದಿನಗಳ ಪ್ಯಾಕೇಜಿಗೆ ಹೋಗಬೇಡಿ. ಬ್ಯಾಂಕಾಕ್‌ನಲ್ಲಿ ಒಳ್ಳೆಯ ಆಸ್ಪತ್ರೆಗಳೂ ನುರಿತ ವೈದ್ಯರೂ ಇದ್ದಾರೆ, ನನ್ನ ಆಕ್ಷೇಪ ಆ ಐದು ದಿನಗಳಿಗೆ. ಮೊದಲ ದಿನ ಮುಖಾಮುಖಿ ಭೇಟಿ, ಎರಡನೆಯ ದಿನ ಶಸ್ತ್ರಚಿಕಿತ್ಸೆ ಎಂದರೆ ಯೋಚಿಸಿ ಬೇಡವೆನ್ನಲು ನಿಮಗೆ ಸಮಯವೇ ಇರುವುದಿಲ್ಲ, ಹಣ ಆಗಲೇ ಕಟ್ಟಿರುತ್ತೀರಿ. ಹೊಲಿಗೆ ಬಿಚ್ಚುವ ದಿನ ನೀವು ಹುಬ್ಬಳ್ಳಿಯಲ್ಲಿರುತ್ತೀರಿ. ಬಿಸಿಲಿನಲ್ಲಿ ಊರು ಸುತ್ತುವುದಂತೂ ಆ ವಾರ ಮಾಡಬಾರದ ಕೆಲಸ.

ಕೆಳರೆಪ್ಪೆ ಮೇಲಿನದಕ್ಕಿಂತ ಸೂಕ್ಷ್ಮ. ಅಲ್ಲಿನ ಊತ ಬಹುತೇಕ ಕಣ್ಣುಗುಡ್ಡೆಯ ಕೆಳಗಿರುವ ಕೊಬ್ಬು ಮುಂದಕ್ಕೆ ಬಂದದ್ದು. ಅದನ್ನು ರೆಪ್ಪೆಯ ಒಳಬದಿಯಿಂದಲೇ, ಹೊರಗೆ ಗೆರೆ ಕಾಣದಂತೆ ತೆಗೆಯಬಹುದು ಅಥವಾ ಕೆಳಗಿನ ಹಳ್ಳಕ್ಕೆ ಸರಿಸಬಹುದು. ವೈದ್ಯರು ಕೆಳರೆಪ್ಪೆಯನ್ನು ಎಳೆದು ಬಿಟ್ಟು, ರೆಪ್ಪೆ ಬಡಿಯುವ ಮೊದಲೇ ಅದು ತನ್ನ ಸ್ಥಾನಕ್ಕೆ ಮರಳುತ್ತದೆಯೇ ಎಂದು ನೋಡಬೇಕು. ಮರಳದಿದ್ದರೆ ಮೊದಲು ಅದರ ಹೊರಮೂಲೆಯನ್ನು ಬಿಗಿಗೊಳಿಸಬೇಕು, ಇಲ್ಲವಾದರೆ ರೆಪ್ಪೆ ಹೊರಕ್ಕೆ ಮಗುಚಿಕೊಂಡು ಕಣ್ಣು ಸದಾ ನೀರು ಸುರಿಸುತ್ತದೆ. ಇನ್ನು ಕಪ್ಪುಬಣ್ಣ. ನಮ್ಮವರಲ್ಲಿ ಅದು ಹೆಚ್ಚಾಗಿ ಚರ್ಮದ ವರ್ಣದ್ರವ್ಯದಿಂದ, ಅಲರ್ಜಿಯಿಂದ ಕಣ್ಣುಜ್ಜುವ ಅಭ್ಯಾಸದಿಂದ, ಮನೆತನದ ಲಕ್ಷಣವಾಗಿ ಬರುತ್ತದೆ. ಊತದ ನೆರಳು ಕಡಿಮೆಯಾದೀತೇ ಹೊರತು ಶಸ್ತ್ರಚಿಕಿತ್ಸೆಯಿಂದ ಈ ಬಣ್ಣ ಹೋಗುವುದಿಲ್ಲ. ನಿಮಗೆ ಹೆಚ್ಚು ಬೇಸರ ತಂದಿರುವುದು ಬಣ್ಣವೇ ಆದರೆ ಊರಿನ ಚರ್ಮವೈದ್ಯರನ್ನು ಕಂಡರೆ ಸಾಕು. ಪ್ರವಾಸ ವಿಮೆಯೂ ಸಾಮಾನ್ಯವಾಗಿ ಇಂಥ ಚಿಕಿತ್ಸೆಯ ತೊಡಕುಗಳಿಗೆ ಹಣ ಕೊಡುವುದಿಲ್ಲ.

ಪ್ರಶ್ನೆ: ಐದು ವಾರಗಳ ಹಿಂದೆ ಹೊರದೇಶದ ಒಂದು ಕ್ಲಿನಿಕ್‌ನಲ್ಲಿ ಮೇಲ್ರೆಪ್ಪೆಗಳ ಶಸ್ತ್ರಚಿಕಿತ್ಸೆ ಆಯಿತು. ನಿದ್ದೆಯಲ್ಲಿ ನನ್ನ ಬಲಗಣ್ಣು ಪೂರ್ತಿ ಮುಚ್ಚುವುದಿಲ್ಲ ಎಂದು ಸೊಸೆ ಹೇಳುತ್ತಾಳೆ. ಬೆಳಿಗ್ಗೆ ಉರಿ, ನೀರು. ಅವರಿಗೆ ವಾಟ್ಸಾಪ್ ಮಾಡಿದರೆ ‘ಸರಿಹೋಗುತ್ತದೆ, ಕಾಯಿರಿ’ ಎನ್ನುತ್ತಾರೆ. ವಯಸ್ಸು 62. — ಮಂಗಳೂರು

ಉತ್ತರ: ನೀವು ಅನುಭವಿಸುತ್ತಿರುವ ಆತಂಕ ನನಗೆ ಅರ್ಥವಾಗುತ್ತದೆ. ಊತ ಇಳಿದು ಗೆರೆ ಮೆತ್ತಗಾದಂತೆ ಬಹಳ ಜನರಿಗೆ ಇದು ತಾನಾಗಿಯೇ ಸುಧಾರಿಸುತ್ತದೆ, ಆ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಆದರೆ ಕಣ್ಣನ್ನು ನೋಡದೆ ಕಾಯಿರಿ ಎನ್ನುವುದು ಸಾಲದು. ಎರಡು ದಿನದೊಳಗೆ ಮಂಗಳೂರಿನಲ್ಲೇ ಕಣ್ಣಿನ ವೈದ್ಯರನ್ನು ಕಾಣಿ. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ, ಕರಿಗುಡ್ಡೆಯ ಕೆಳಭಾಗ ಒಣಗಿ ತರಚಿದೆಯೇ ಎಂಬುದು ಕೂಡಲೇ ತಿಳಿಯುತ್ತದೆ. ಅಲ್ಲಿಯವರೆಗೆ ಹಗಲಿನಲ್ಲಿ ಸಂರಕ್ಷಕ ರಾಸಾಯನಿಕವಿಲ್ಲದ ಕೃತಕ ಕಣ್ಣೀರಿನ ಹನಿ, ಮಲಗುವಾಗ ಕಣ್ಣಿಗೆಂದೇ ಇರುವ ಜಿಡ್ಡಿನ ಮುಲಾಮು ಬಳಸಿ. ಫ್ಯಾನಿನ ನೇರ ಕೆಳಗೆ ಮಲಗಬೇಡಿ. ರೆಪ್ಪೆಯನ್ನು ಉಜ್ಜುವುದು, ಕೆಳಗೆಳೆಯುವುದು ವೈದ್ಯರು ತೋರಿಸಿಕೊಟ್ಟ ಮೇಲೆ ಮಾತ್ರ.

ಆ ಕ್ಲಿನಿಕ್‌ನಿಂದ ಶಸ್ತ್ರಚಿಕಿತ್ಸೆಯ ಲಿಖಿತ ಟಿಪ್ಪಣಿಯನ್ನೂ ಮೊದಲಿನ ಫೋಟೊಗಳನ್ನೂ ಈಗಲೇ ತರಿಸಿಕೊಳ್ಳಿ. ಎಷ್ಟು ಚರ್ಮ ತೆಗೆದಿದ್ದಾರೆ, ಸ್ನಾಯುವನ್ನು ಮುಟ್ಟಿದ್ದಾರೆಯೇ ಎಂಬುದು ತಿಳಿಯದೆ ಇಲ್ಲಿನ ವೈದ್ಯರು ಮುಂದಿನ ಹೆಜ್ಜೆ ಇಡಲು ಕಷ್ಟ. ಮತ್ತೊಂದು ಶಸ್ತ್ರಚಿಕಿತ್ಸೆಗೆ ಆತುರ ಬೇಡ. ಕರಿಗುಡ್ಡೆ ಸುರಕ್ಷಿತವಾಗಿದ್ದರೆ ಗಾಯದ ಗೆರೆ ಪಕ್ವವಾಗಲು ಸುಮಾರು ಆರು ತಿಂಗಳು ಕಾಯುವುದು ವಾಡಿಕೆ. ನಡುವೆ ನೋವು ಹೆಚ್ಚಿದರೆ, ಬೆಳಕು ನೋಡಲಾಗದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ನೋಟ ಮಸುಕಾದರೆ, ಮರುದಿನದವರೆಗೆ ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಿ. ಸೊಸೆಯನ್ನೂ ಜೊತೆಗೆ ಕರೆದೊಯ್ಯಿರಿ. ನಿದ್ದೆಯಲ್ಲಿ ಕಣ್ಣು ಎಷ್ಟು ತೆರೆದಿರುತ್ತದೆ ಎಂದು ಹೇಳಬಲ್ಲವರು ಅವರೊಬ್ಬರೇ.